ಮುದ್ದೆಮಾಲಿನ ಚೀಟಿ ಮತ್ತು ಬೆಂಗಳೂರಿನ ಕುರ್ಚಿ: ಹೋಗಲೋ, ಇಲ್ಲೇ ಇರಲೋ?

ಕರಿ ಕೋಟು | ಜೂನ್ 4, ರಾತ್ರಿ 9.50

ಅಡಿಕೆ ಧಾರಣೆ, ಕೊಳೆ ರೋಗ, ದೇವಿಮನೆ ಘಟ್ಟದ ರಸ್ತೆ ಎಂದು ಇಲ್ಲಿ ನಡೆಯುವ ಮಾತುಗಳ ನಡುವೆ ನನ್ನದು ಬೇರೆಯೇ ಜಾತಿಯ ಪ್ರಶ್ನೆ. ಆದರೂ ಕೇಳುತ್ತೇನೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಳೆ ಕಂಡವರಿಗಲ್ಲದೆ ಬೇರೆಯವರಿಗೆ ಇದು ಅರ್ಥವಾಗುವುದಿಲ್ಲ.

ನಾನು ಸಹಾಯಕ ಸರ್ಕಾರಿ ಅಭಿಯೋಜಕಿ (ಎಪಿಪಿ), ಅಂದರೆ ಕ್ರಿಮಿನಲ್ ಪ್ರಕರಣಗಳಲ್ಲಿ ಸರ್ಕಾರದ ಪರ ವಾದಿಸುವ ವಕೀಲೆ. ಹದಿನಾರು ವರ್ಷದ ಸೇವೆ. ತವರು ಶಿರಸಿ ಸೀಮೆ, ಕೆಲಸ ಕರಾವಳಿಯ ಒಂದು ತಾಲ್ಲೂಕು ನ್ಯಾಯಾಲಯದಲ್ಲಿ. ಕೊಲೆ ಪ್ರಕರಣಗಳು ನನ್ನವರೆಗೆ ಬರುವುದಿಲ್ಲ, ಅವು ಸೆಷನ್ಸ್‌ಗೆ ಹೋಗುತ್ತವೆ. ನನ್ನ ಪಾಲಿಗೆ ಬರುವುದು ಗೋವಾ ಮದ್ಯ, ಮರಳು, ಅಡಿಕೆ ಕಳವು, ಬೈಕ್ ಅಪಘಾತ, ಬೇಲಿ ಜಗಳದಲ್ಲಿ ಒಡೆದ ತಲೆ.

ಎರಡು ವರ್ಷದ ಹಿಂದಿನ ಮಾತು. ಮದ್ಯ ಸಾಗಣೆಯ ಒಂದು ಪ್ರಕರಣ. ಜಪ್ತಿಯನ್ನು ಕಂಡು ಸಹಿ ಹಾಕಿದ ಪಂಚ ಸಾಕ್ಷಿ ಕಟಕಟೆಗೆ ಬಂದರು. ವಯಸ್ಸಾದ ಮನುಷ್ಯ, ಸುಳ್ಳು ಹೇಳಲು ಬಂದವರಲ್ಲ. ಮುದ್ದೆಮಾಲಿಗೆ, ಅಂದರೆ ಜಪ್ತಿಯಾದ ಬಾಟಲಿಗೆ, ಅಂಟಿಸಿದ ಚೀಟಿಯನ್ನು ತೋರಿಸಿ ‘ಇದರ ಮೇಲಿರುವುದು ನಿಮ್ಮ ಸಹಿಯೇ?’ ಎಂದು ಕೇಳಿದೆ. ಅವರು ಕನ್ನಡಕ ಒರೆಸಿಕೊಂಡು ನೋಡಿದರು. ನಾನೂ ನೋಡಿದೆ. ಮೂರು ಮಳೆಗಾಲ ಕಳೆದ ಚೀಟಿ. ಸಹಿ ಇದ್ದ ಜಾಗದಲ್ಲಿ ನೀಲಿ ಬಣ್ಣದ ಕಲೆ, ಅದರ ಸುತ್ತ ಬೂಷ್ಟು. ‘ಅಮ್ಮಾ, ಸಹಿ ಹಾಕಿದ್ದು ಹೌದು, ಆದರೆ ಇಲ್ಲಿ ಸಹಿಯೇ ಇಲ್ಲವಲ್ಲ’ ಎಂದರು. ಎದುರು ವಕೀಲರಿಗೆ ಅಷ್ಟೇ ಸಾಕಿತ್ತು. ಆರೋಪಿ ಖುಲಾಸೆ.

ಆ ರಾತ್ರಿ ಕುಳಿತು ನನ್ನ ಹಳೆಯ ಖುಲಾಸೆ ತೀರ್ಪುಗಳನ್ನು ತಿರುವಿದೆ. ಹನ್ನೊಂದರಲ್ಲಿ ಇದೇ ಕಥೆ. ಚೀಟಿ ಅಳಿಸಿತ್ತು, ಅರಗು ಕರಗಿತ್ತು, ಇಲ್ಲವೇ ದಾರ ಕೊಳೆತಿತ್ತು. ಎರಡು ಪುಟದ ಟಿಪ್ಪಣಿ ಬರೆದು ಮೇಲಕ್ಕೆ ಕಳಿಸಿದೆ. ಅದು ಯಾವುದೋ ಕಪಾಟಿನಲ್ಲಿ ಮಲಗಿರಬಹುದು ಎಂದುಕೊಂಡಿದ್ದೆ. ಈಗ ಕರೆ ಬಂದಿದೆ. ಖುಲಾಸೆ ತೀರ್ಪುಗಳನ್ನು ಓದಿ ತಪ್ಪು ಎಲ್ಲಿ ಎಂದು ಹುಡುಕುವುದು, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಗೆ ತಕ್ಕ ನಮೂನೆಗಳ ಕರಡು ಮಾಡುವುದು, ಸುತ್ತೋಲೆ, ತರಬೇತಿ. ಮೂರು ವರ್ಷ, ಬೆಂಗಳೂರು. ದಸರೆಯೊಳಗೆ ಉತ್ತರ ಹೇಳಬೇಕು.

ಮನೆಯಲ್ಲಿ ‘ಕೋರ್ಟು ಬಿಟ್ಟು ಕಾಗದ ಬರೆಯಲು ಹೋಗುತ್ತೀಯಾ?’ ಎನ್ನುತ್ತಾರೆ. ಇಂಥ ಕೆಲಸದಿಂದ ಏನಾದರೂ ಆಗುತ್ತದೆಯೇ? ಕಂಡವರು ಹೇಳಿ.

ಅಡಿಕೆ ಸಿಪ್ಪೆ | ಜೂನ್ 4, ರಾತ್ರಿ 10.05

ಬೆಂಗಳೂರಿನಲ್ಲಿ ಮನೆ ಬಾಡಿಗೆ ಎಷ್ಟು ಎಂದು ಮೊದಲು ವಿಚಾರಿಸಿ ಮೇಡಂ. ನೀತಿ ರೂಪಿಸುವುದು ಆಮೇಲೆ.

ನಿವೃತ್ತ ಶಿರಸ್ತೇದಾರ | ಜೂನ್ 5, ಬೆಳಿಗ್ಗೆ 6.15

ತಂಗಿ, ಬೆಳಗಿನ ಕಷಾಯ ಕುಡಿದು ಸಾವಧಾನವಾಗಿ ಬರೆಯುತ್ತಿದ್ದೇನೆ. ಮೂವತ್ತೈದು ವರ್ಷ ಕೋರ್ಟಿನ ಕಡತ ಹೊತ್ತವನು ನಾನು. ನೀನು ಕೇಳಿದ ‘ಏನಾದರೂ ಆಗುತ್ತದೆಯೇ’ ಎಂಬುದಕ್ಕೆ ನಿನ್ನ ಹುದ್ದೆಯ ಚರಿತ್ರೆಯೇ ಉತ್ತರ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊ.

ಹಿಂದೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಸರ್ಕಾರದ ಪರ ವಾದಿಸುತ್ತಿದ್ದವರು ಪೊಲೀಸರೇ. ಪ್ರಕರಣ ಹಿಡಿದವರೂ ಅವರೇ, ನಡೆಸಿದವರೂ ಅವರೇ. ಇದು ಸರಿಯಲ್ಲ, ಅಭಿಯೋಜನೆಯನ್ನು ಪೊಲೀಸರಿಂದ ಬೇರ್ಪಡಿಸಬೇಕು ಎಂದು ಸೆತಲ್ವಾಡ್ ಅಧ್ಯಕ್ಷತೆಯ ಕಾನೂನು ಆಯೋಗ ತನ್ನ 14ನೇ ವರದಿಯಲ್ಲಿ ಹೇಳಿದ್ದು 1958ರಲ್ಲಿ. ಅದು ದಂಡ ಪ್ರಕ್ರಿಯಾ ಸಂಹಿತೆಯೊಳಗೆ 25ನೇ ಕಲಂ ಆಗಿ ಬಂದದ್ದು 1973ರಲ್ಲಿ, ಜಾರಿಯಾದದ್ದು 1974ರ ಏಪ್ರಿಲ್ 1ರಂದು. ಪೊಲೀಸ್ ಅಧಿಕಾರಿಯನ್ನು ಎಪಿಪಿ ಮಾಡುವಂತಿಲ್ಲ ಎಂದು ಅದರಲ್ಲೇ ಬರೆದಿತ್ತು. ಆದರೂ ಎಷ್ಟೋ ಕಡೆ ಅಭಿಯೋಜಕರ ಮೇಲಿನ ಹಿಡಿತ ಪೊಲೀಸ್ ಇಲಾಖೆಯಲ್ಲೇ ಉಳಿಯಿತು. ಕೊನೆಗೆ ಮಹಾರಾಷ್ಟ್ರದ ಎಪಿಪಿಗಳೇ ಸುಪ್ರೀಂ ಕೋರ್ಟಿಗೆ ಹೋದರು. ಶಹಾಣೆ ಪ್ರಕರಣ ಎನ್ನುತ್ತಾರೆ. 1995ರಲ್ಲಿ ಕೋರ್ಟು, ಇವರನ್ನು ಪೊಲೀಸ್ ಇಲಾಖೆಯಿಂದ ಬಿಡಿಸಿ ಬೇರೆ ಇಲಾಖೆ ಮಾಡಿ ಎಂದಿತು. ಪ್ರತ್ಯೇಕ ನಿರ್ದೇಶನಾಲಯದ ಮಾತು ಸಂಹಿತೆಯೊಳಗೆ 25-ಎ ಎಂದು ಸೇರಿದ್ದು 2005ರ ತಿದ್ದುಪಡಿಯಲ್ಲಿ. ಈಗ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 20ನೇ ಕಲಂ ಜಿಲ್ಲೆಗೊಂದು ನಿರ್ದೇಶನಾಲಯದವರೆಗೆ ಬಂದು ನಿಂತಿದೆ.

ಲೆಕ್ಕ ಹಾಕು. 1958ರಿಂದ 2023. ಅರವತ್ತೈದು ವರ್ಷ. ಈ ಅವಧಿಯಲ್ಲಿ ಎಷ್ಟು ಜನ ಅಧಿಕಾರಿಗಳು ಇದೇ ಟಿಪ್ಪಣಿಯನ್ನು ಬರೆದು, ತಿದ್ದಿ, ಕಳಿಸಿ, ನಿವೃತ್ತರಾಗಿ, ಪಿಂಚಣಿ ತೆಗೆದುಕೊಂಡು, ಹೋಗಿಯೂ ಬಿಟ್ಟಿರಬೇಕು! ಅವರಲ್ಲಿ ಒಬ್ಬರ ಹೆಸರೂ ನನಗೆ ಬರುವುದಿಲ್ಲ. ಅವರು ಬರೆಯದಿದ್ದರೆ ಇಂದು ನಿನ್ನ ಕುರ್ಚಿಯಲ್ಲಿ ಒಬ್ಬ ಫೌಜದಾರ ಕುಳಿತಿರುತ್ತಿದ್ದ.

ಹೋಗು ಎನ್ನುತ್ತೇನೆ. ಆದರೆ ನಿನ್ನ ಹೆಸರು ಎಲ್ಲಿಯಾದರೂ ಬರುತ್ತದೆ ಎಂಬ ಆಸೆಯಿದ್ದರೆ ಹೋಗಬೇಡ.

ಕಾಳಿ ಸಂಗಮ | ಜೂನ್ 5, ಬೆಳಿಗ್ಗೆ 8.40

ಹೆಸರಿನ ಮಾತು ಬಂತಲ್ಲ, ಕಾರವಾರದವನಾಗಿ ಒಂದು ಹೇಳಿಬಿಡುತ್ತೇನೆ. ನಮ್ಮ ಕಡಲತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರಿದೆ. ಇಪ್ಪತ್ತರ ಹರೆಯದಲ್ಲಿ ಅವರು ಇಲ್ಲಿಗೆ ಬಂದದ್ದು ಯಾಕೆ? ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಐಸಿಎಸ್ ಪರೀಕ್ಷೆಯಲ್ಲಿ ಗೆದ್ದ ಮೊದಲ ಭಾರತೀಯ ಅವರು, 1863ರಲ್ಲಿ. ನಮ್ಮ ಜಿಲ್ಲೆ ಮದ್ರಾಸಿನಿಂದ ಮುಂಬಯಿಗೆ ಸೇರಿದ್ದು ಅದರ ಹಿಂದಿನ ವರ್ಷ. ಹಾಗಾಗಿ ಮುಂಬಯಿ ಪ್ರಾಂತದ ನ್ಯಾಯಾಧೀಶರು ನಮಗೆ ಸಿಕ್ಕರು. ದೋಣಿಯಲ್ಲಿ ಕಾಳಿ ನದಿ ಸುತ್ತಾಡಿದ ತಮ್ಮನ ಹೆಸರು ದಂಡೆಯಲ್ಲಿ ಉಳಿಯಿತು. ಕೋಟು ತೊಟ್ಟು ಬೆವರುತ್ತ ತೀರ್ಪು ಬರೆದ ಅಣ್ಣನ ಹೆಸರು ಕೇಳಿದರೆ ನಮ್ಮ ಮಕ್ಕಳು ತಲೆ ಕೆರೆದುಕೊಳ್ಳುತ್ತಾರೆ. ಶಿರಸ್ತೇದಾರರು ಹೇಳಿದ್ದು ಹೊಸ ಕಷ್ಟವೇನಲ್ಲ.

ಬೇಲೆಕೇರಿ ಗಾಳಿ | ಜೂನ್ 5, ಮಧ್ಯಾಹ್ನ 1.20

ಮೇಡಂ, ನೀವು ಚೀಟಿ ಅಳಿಸಿಹೋಯಿತೆಂದು ಕೊರಗುತ್ತೀರಿ. ನಮ್ಮ ಅಂಕೋಲೆಯಲ್ಲಿ ಮುದ್ದೆಮಾಲೇ ಹಡಗು ಹತ್ತಿ ಹೋಯಿತು. 2010ರಲ್ಲಿ ಬೇಲೆಕೇರಿ ಬಂದರಿನಲ್ಲಿ ಜಪ್ತಿಯಾದ ಕಬ್ಬಿಣದ ಅದಿರು ಜಪ್ತಿಯಲ್ಲಿ ಇರುವಾಗಲೇ ಮಾಯ. ಒಂದು ಬುಟ್ಟಿಯಲ್ಲ, ಲಕ್ಷಗಟ್ಟಲೆ ಟನ್. ಹಿಡಿದ ಅರಣ್ಯಾಧಿಕಾರಿಯನ್ನೇ ಅಮಾನತು ಮಾಡುವ ಮಾತು ಬಂದಾಗ ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ರಾಜೀನಾಮೆ ಕೊಟ್ಟರು, ಜುಲೈನಲ್ಲಿ ಹಿಂದಕ್ಕೆ ಪಡೆದರು, 2011ರ ಜುಲೈನಲ್ಲಿ ವರದಿ ಕೊಟ್ಟರು. ವಿಶೇಷ ನ್ಯಾಯಾಲಯದ ತೀರ್ಪು ಬಂದದ್ದು 2024ರ ಅಕ್ಟೋಬರ್‌ನಲ್ಲಿ. ಮರು ತಿಂಗಳೇ ಹೈಕೋರ್ಟು ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಇಷ್ಟು ಕಂಡ ಮೇಲೆ ನಮೂನೆ, ಸುತ್ತೋಲೆ ಎಂದರೆ ನನಗೆ ನಗು ಬರುತ್ತದೆ, ಕ್ಷಮಿಸಿ.

ನಿರ್ವಾಹಕ | ಜೂನ್ 5, ಮಧ್ಯಾಹ್ನ 1.45

ಬೇಲೆಕೇರಿ ಪ್ರಕರಣದ ಆರೋಪಿಗಳ ಹೆಸರು ಹಿಡಿದು ಯಾರೂ ಬರೆಯಬೇಡಿ. ಮೇಲ್ಮನವಿಯ ವಿಷಯ. ಈಗಾಗಲೇ ಎರಡು ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ.

ಘಟ್ಟದ ಮೇಲಿನವಳು | ಜೂನ್ 5, ಸಂಜೆ 7.30

ಬೇಲೆಕೇರಿಯವರು ನಕ್ಕಿದ್ದು ಸರಿ, ಆದರೆ ಅವರು ಒಂದನ್ನು ಮರೆತರು. ಆ ಲೋಕಾಯುಕ್ತ ಎಲ್ಲಿಂದ ಬಂತು? 1984ರ ಕಾಯ್ದೆಯಿಂದ. ಅದನ್ನು ತಂದ ಸರ್ಕಾರದ ಮುಖ್ಯಮಂತ್ರಿ ನಮ್ಮ ಸಿದ್ದಾಪುರ ದೊಡ್ಮನೆಯ ರಾಮಕೃಷ್ಣ ಹೆಗಡೆಯವರು. ಕಾಯ್ದೆ ಬರೆದ ಇಪ್ಪತ್ತಾರು ವರ್ಷದ ಮೇಲೆ ಅದು ಅವರದೇ ಜಿಲ್ಲೆಯ ಬಂದರಿಗೆ ಬಂದು ಬಾಗಿಲು ತಟ್ಟಿತು. 2016ರಲ್ಲಿ ಅದರ ಹಲ್ಲು ಕಿತ್ತು ಭ್ರಷ್ಟಾಚಾರ ನಿಗ್ರಹ ದಳ ಮಾಡಿದರು. 2022ರ ಆಗಸ್ಟ್‌ನಲ್ಲಿ ಹೈಕೋರ್ಟು ಆ ದಳವನ್ನು ರದ್ದು ಮಾಡಿ ಲೋಕಾಯುಕ್ತ ಪೊಲೀಸರಿಗೆ ಅಧಿಕಾರವನ್ನು ಮರಳಿಸಿತು. ಕಾಗದದ ಮೇಲೆ ಬರೆದದ್ದಕ್ಕೆ ಜೀವ ಇಲ್ಲವೆಂದು ಹೇಳುವವರು ಅದನ್ನು ಅಳಿಸಲು ಅಷ್ಟು ಕಷ್ಟಪಡುವುದು ಯಾಕೆ ಹಾಗಾದರೆ?

ಎದುರು ಪಕ್ಷ | ಜೂನ್ 6, ರಾತ್ರಿ 11.10

ನಾನು ಆರೋಪಿಗಳ ಪರ ವಕೀಲ. ಇಲ್ಲಿನವರಿಗೆ ನನ್ನ ಮೇಲೆ ಅಷ್ಟೇನೂ ಪ್ರೀತಿಯಿಲ್ಲ ಎಂದು ಗೊತ್ತು, ಇರಲಿ.

ಸರ್ಕಾರಿ ಅಭಿಯೋಜಕರು ನೀತಿ ರೂಪಿಸಲು ಕುಳಿತರೆ ನನಗೆ ಭಯ. ಅವರ ಲೆಕ್ಕದಲ್ಲಿ ಖುಲಾಸೆ ಎಂದರೆ ಸೋಲು. ಆ ಚೀಟಿಯ ಪ್ರಕರಣದಲ್ಲಿ ಮೇಡಂ ಶಾಯಿಯನ್ನು ನೋಡಿದರು. ನಾನು ಆ ಪಂಚರನ್ನು ನೋಡುತ್ತೇನೆ. ಎಷ್ಟು ಪ್ರಕರಣಗಳಲ್ಲಿ ಅದೇ ಇಬ್ಬರು ಪಂಚರು? ಸ್ಥಳೀಯ, ಸ್ವತಂತ್ರ, ಗೌರವಸ್ಥ ನಿವಾಸಿಗಳಿರಬೇಕು ಎನ್ನುತ್ತದೆ ಕಾನೂನು. ಸಿಗುವವರು ಠಾಣೆಯ ಎದುರಿನ ಚಹದಂಗಡಿಯವನು ಮತ್ತು ಅವನ ಭಾವ. ಮಹಜರು ನಡೆದದ್ದು ಚೆಕ್‌ಪೋಸ್ಟ್‌ನಲ್ಲಿ ಎಂದು ಬರೆದಿರುತ್ತದೆ, ಸಹಿ ಬಿದ್ದದ್ದು ಮರುದಿನ ಬೆಳಿಗ್ಗೆ ಠಾಣೆಯ ಬೆಂಚಿನ ಮೇಲೆ. ಇಂಥ ಚೀಟಿ ಅಳಿಸದೆ ಉಳಿದರೆ ನ್ಯಾಯಕ್ಕೆ ಲಾಭವೇ ನಷ್ಟವೇ?

ಹೊಸ ಸಂಹಿತೆಯ 105ನೇ ಕಲಂ ಜಪ್ತಿಯ ವಿಡಿಯೊ ಮಾಡಬೇಕು ಎನ್ನುತ್ತದೆ. ಅದನ್ನು ನಾನು ಸ್ವಾಗತಿಸುತ್ತೇನೆ, ಚಹದಂಗಡಿಯವನ ಭಾವನಿಗಿಂತ ಮೊಬೈಲ್ ಮೇಲು. ಆದರೆ ನೀವು ಬೆಂಗಳೂರಿಗೆ ಹೋಗುವುದಾದರೆ ಇನ್ನೊಂದು ಕಡತವನ್ನೂ ಓದಿ: ವಿಚಾರಣಾಧೀನ ಕೈದಿಗಳದ್ದು. ಗರಿಷ್ಠ ಶಿಕ್ಷೆಯ ಅರ್ಧ ಅವಧಿ ಒಳಗೇ ಕಳೆದವರನ್ನು ಬಿಡಬೇಕು ಎಂಬ 436-ಎ ಕಲಂ 2005ರ ತಿದ್ದುಪಡಿಯಲ್ಲೇ ಬಂತು. ಈಗ 479ನೇ ಕಲಂ. ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗಿರದವರಿಗೆ ಮೂರನೇ ಒಂದು ಭಾಗ ಸಾಕು, ಅರ್ಜಿ ಹಾಕಬೇಕಾದ್ದು ಜೈಲಿನ ಅಧೀಕ್ಷಕರ ಹೊಣೆ. ಮರಣದಂಡನೆ, ಜೀವಾವಧಿಯ ಪ್ರಕರಣಗಳಿಗೆ ಇದು ಅನ್ವಯಿಸದು. 2024ರ ಜುಲೈಗಿಂತ ಹಿಂದಿನ ಪ್ರಕರಣಗಳಿಗೂ ಅನ್ವಯ ಎಂದು ಸುಪ್ರೀಂ ಕೋರ್ಟು ಅದೇ ಆಗಸ್ಟ್‌ನಲ್ಲಿ ಹೇಳಿತು. ಆದರೂ ಒಬ್ಬ ಕಕ್ಷಿದಾರನನ್ನು ಬಿಡಿಸಲು ನಾನು ಅವನ ದಿನಗಳನ್ನು ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಎಣಿಸಿದ್ದೇನೆ. ಯಾರ ಮೇಜಿನ ಮೇಲೂ ಆ ಎಣಿಕೆ ಇರಲಿಲ್ಲ. ಇದಕ್ಕೊಂದು ನಮೂನೆ ಮಾಡುತ್ತೀರಾ?

ಕರಿ ಕೋಟು | ಜೂನ್ 7, ಸಂಜೆ 6.20

ಎದುರು ಪಕ್ಷದವರು ಎಂದಿನಂತೆ ಪಾಟೀ ಸವಾಲಿಗೆ ಇಳಿದರು. ಪಂಚರ ವಿಷಯದಲ್ಲಿ ನಾನು ನಿರುತ್ತರಳು. ಚಹದಂಗಡಿಯವನನ್ನು ನಾನೂ ಬಲ್ಲೆ. ಕೋರ್ಟಿಗೆ ಬಂದರೆ ‘ಈ ಸಲ ಯಾವ ಕೇಸು ಅಮ್ಮಾ?’ ಎಂದು ಕೇಳುವಷ್ಟು ಅಭ್ಯಾಸ.

ಖುಲಾಸೆ ಎಂದರೆ ಸೋಲು ಎಂಬ ಮಾತನ್ನು ಮಾತ್ರ ಒಪ್ಪುವುದಿಲ್ಲ. ಗುಜರಾತಿನ ಕಿಶನ್‌ಭಾಯಿ ಪ್ರಕರಣ ನೆನಪಿಸಿಕೊಳ್ಳಿ. ಒಂದು ಪುಟ್ಟ ಮಗುವಿನ ಮೇಲೆ ಅತ್ಯಾಚಾರ, ಕೊಲೆ. ತನಿಖೆಯಲ್ಲೂ ಅಭಿಯೋಜನೆಯಲ್ಲೂ ಇದ್ದ ತೂತುಗಳಿಂದ ಆರೋಪಿ ಹೊರಬಂದ. 2014ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಪ್ರತಿ ರಾಜ್ಯದ ಗೃಹ ಇಲಾಖೆಗೂ ಹೇಳಿತು: ಪ್ರತಿಯೊಂದು ಖುಲಾಸೆಯನ್ನೂ ಹಿರಿಯ ಪೊಲೀಸ್ ಮತ್ತು ಅಭಿಯೋಜನಾ ಅಧಿಕಾರಿಗಳ ಸ್ಥಾಯಿ ಸಮಿತಿ ಓದಬೇಕು, ತಪ್ಪು ಯಾರದು ಎಂದು ಗುರುತಿಸಬೇಕು, ಆ ತಪ್ಪುಗಳೇ ತರಬೇತಿಯ ಪಾಠವಾಗಬೇಕು. ನಿರಪರಾಧಿ ವರ್ಷಗಟ್ಟಲೆ ಅಲೆದು ಖುಲಾಸೆಯಾದರೆ ಅದೂ ಈ ಓದಿನಲ್ಲೇ ಸಿಗಬೇಕು. ನನ್ನನ್ನು ಕರೆದಿರುವುದು ಇಂಥ ಓದಿಗೆ. 479ರ ಎಣಿಕೆಯನ್ನು ನನ್ನ ಪಟ್ಟಿಯಲ್ಲಿ ಬರೆದುಕೊಂಡಿದ್ದೇನೆ.

ಮಾಜಾಳಿ ಗಡಿ | ಜೂನ್ 7, ರಾತ್ರಿ 8.00

ನನ್ನದು ಸಣ್ಣ ವಿಷಯ. ಅಪ್ಪನ ಟೆಂಪೊ ಒಂದು ಪ್ರಕರಣದಲ್ಲಿ ಜಪ್ತಿಯಾಗಿತ್ತು. ಬಾಡಿಗೆಗೆ ಹೋದ ಚಾಲಕ ಮಾಡಿದ ಕಿತಾಪತಿ. ಯಾವ ಠಾಣೆ ಎಂದು ಹೇಳುವುದಿಲ್ಲ. ಆವರಣದಲ್ಲಿ ನಾಲ್ಕು ವರ್ಷ ನಿಂತಿತು. ಮೊದಲ ವರ್ಷ ಚಕ್ರದ ಗಾಳಿ ಹೋಯಿತು. ಎರಡನೆಯ ಮಳೆಗಾಲಕ್ಕೆ ತಳ ತುಕ್ಕು ಹಿಡಿಯಿತು, ಉಪ್ಪು ಗಾಳಿ ನಿಮಗೆ ಗೊತ್ತಲ್ಲ. ಮೂರನೆಯ ವರ್ಷ ಅಪ್ಪ ಹೋಗಿ ನೋಡಿದಾಗ ಸೀಟಿನೊಳಗೆ ಬೆಕ್ಕು ಮರಿ ಹಾಕಿತ್ತು. ಕೊನೆಗೆ ಬಿಡಿಸಿಕೊಂಡದ್ದನ್ನು ಗುಜರಿಯವನಿಗೇ ಕೊಟ್ಟೆವು. ಸಾಲದ ಕಂತು ಮಾತ್ರ ತಪ್ಪದೆ ಕಟ್ಟಿದ್ದೆವು. ಇದಕ್ಕೆ ನಿಮ್ಮ ಬೆಂಗಳೂರಿನಲ್ಲಿ ಯಾವ ಕಲಂ ಇದೆ?

ನಿವೃತ್ತ ಶಿರಸ್ತೇದಾರ | ಜೂನ್ 8, ಬೆಳಿಗ್ಗೆ 6.30

ತಮ್ಮಾ, ಇದೆ. ಇದ್ದೂ ಇರಲಿಲ್ಲ, ಅದೇ ಕಥೆ.

2002ರಲ್ಲಿ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವಾಹನಗಳನ್ನು ಠಾಣೆಯಲ್ಲಿ ಕೊಳೆಹಾಕಬೇಡಿ, ಫೋಟೊ ತೆಗೆದು, ಪಂಚನಾಮೆ ಬರೆದು, ಮುಚ್ಚಳಿಕೆ ಬರೆಸಿಕೊಂಡು ಬೇಗ ಬಿಡಿ ಎಂದಿತು. ಹದಿನೈದು ದಿನದಿಂದ ಒಂದು ತಿಂಗಳು, ಅಷ್ಟೇ. ತೀರ್ಪು ಎಲ್ಲ ಕೋರ್ಟಿಗೂ ಬಂತು, ನಾನೇ ಕಡತಕ್ಕೆ ಹಾಕಿದ್ದೇನೆ. ಆದರೆ ಅರ್ಜಿ ಹಾಕಲು ತಿಳಿದವನಿಗೆ ಮಾತ್ರ ವಾಹನ ಸಿಕ್ಕಿತು. ನಿನ್ನ ಅಪ್ಪನಿಗೆ ಯಾರೂ ಹೇಳಿರಲಿಕ್ಕಿಲ್ಲ. ಹೊಸ ಸಂಹಿತೆಯ 497ನೇ ಕಲಂನಲ್ಲಿ ಅದು ಕಟ್ಟುನಿಟ್ಟಾಗಿ ಬಂದಿದೆ. ವಸ್ತು ಕೋರ್ಟಿನ ಮುಂದೆ ಬಂದ ಹದಿನಾಲ್ಕು ದಿನದೊಳಗೆ ಅದರ ವಿವರಪಟ್ಟಿ ಆಗಬೇಕು, ಫೋಟೊ ಅಥವಾ ವಿಡಿಯೊ ತೆಗೆಸಬೇಕು, ಪಟ್ಟಿಯಾದ ಮೂವತ್ತು ದಿನದೊಳಗೆ ವಿಲೇವಾರಿಯ ಆದೇಶ. ಆ ಫೋಟೊವೇ ಸಾಕ್ಷ್ಯ.

ತೀರ್ಪಿನಿಂದ ಕಲಂ ಆಗಲು ಇಪ್ಪತ್ತೊಂದು ವರ್ಷ. ನಡುವೆ ನಿಮ್ಮ ಟೆಂಪೊ, ಬೆಕ್ಕಿನ ಮರಿ.

ದೇವಿಮನೆ ತಿರುವು | ಜೂನ್ 8, ಬೆಳಿಗ್ಗೆ 10.15

ಮಲೀಮಠ ಸಮಿತಿಯ ಹೆಸರನ್ನು ಇನ್ನೂ ಯಾರೂ ಎತ್ತಲಿಲ್ಲವಲ್ಲ? ಹುಬ್ಬಳ್ಳಿಯವರು, ನಮ್ಮ ಹೈಕೋರ್ಟಿನಲ್ಲೂ ಕೇರಳದಲ್ಲೂ ಮುಖ್ಯ ನ್ಯಾಯಮೂರ್ತಿಯಾಗಿದ್ದರು. ಅಪರಾಧ ನ್ಯಾಯ ವ್ಯವಸ್ಥೆಯ ಸುಧಾರಣೆಗೆ 2000ದಲ್ಲಿ ಕೇಂದ್ರ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. 2003ರಲ್ಲಿ ವರದಿ, 158 ಶಿಫಾರಸು. ಒಬ್ಬ ಸಾರ್ವಜನಿಕ ಸೇವಕ ಈ ಕ್ಷೇತ್ರದಲ್ಲಿ ಮುಟ್ಟಬಹುದಾದ ಎತ್ತರ ಅದು. ನಾನು ಕಾನೂನು ಓದುತ್ತಿದ್ದಾಗ ಆ ವರದಿಯ ಮೇಲೇ ಪ್ರಬಂಧ ಬರೆದವನು.

ಎದುರು ಪಕ್ಷ | ಜೂನ್ 8, ಮಧ್ಯಾಹ್ನ 2.30

ಎತ್ತರ ಒಪ್ಪುತ್ತೇನೆ. ಸಂತ್ರಸ್ತರಿಗೆ ಪರಿಹಾರ ಕೊಡುವುದು ಸರ್ಕಾರದ ಹೊಣೆ ಎಂದು ಅಷ್ಟು ಒತ್ತಿ ಹೇಳಿದ್ದು ದೊಡ್ಡದೇ. ಅಂಥ ಪರಿಹಾರ ಯೋಜನೆಗೆ ದಾರಿ ಮಾಡಿದ 357-ಎ ಕಲಂ 2009ರ ಕೊನೆಯ ದಿನ ಜಾರಿಗೆ ಬಂತು. ಆದರೆ ಅದೇ ವರದಿ, ಎಸ್‌ಪಿ ಮಟ್ಟದ ಅಧಿಕಾರಿ ದಾಖಲಿಸಿದ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಒಪ್ಪಬಹುದು ಎಂದಿತು. ಸಂಶಯಾತೀತವಾಗಿ ಸಾಬೀತಾಗಬೇಕು ಎಂಬ ಅಳತೆಗೋಲನ್ನೇ ಸಡಿಲಿಸೋಣ ಎಂದಿತು. ಇನ್ನೂ ಸೋಜಿಗ ಕೇಳಿ. ಅಭಿಯೋಜನಾ ನಿರ್ದೇಶಕರ ಹುದ್ದೆಗೆ ಡಿಜಿಪಿ ದರ್ಜೆಯ ಪೊಲೀಸ್ ಅಧಿಕಾರಿಯನ್ನೇ ತರಬಹುದು ಎಂದೂ ಬರೆದಿತ್ತು. ಶಿರಸ್ತೇದಾರರು ಹೇಳಿದ ಅರವತ್ತೈದು ವರ್ಷದ ನಡಿಗೆಯಲ್ಲಿ ಇದು ತಿರುಗಿ ಮನೆಗೆ ಹೊರಟ ಹಾಗೆ. ದೇವಿಮನೆಯವರು ಪ್ರಬಂಧದಲ್ಲಿ ಇದನ್ನು ಬರೆದಿದ್ದರೋ?

ದೇವಿಮನೆ ತಿರುವು | ಜೂನ್ 8, ಮಧ್ಯಾಹ್ನ 2.50

ಬರೆದಿರಲಿಲ್ಲ. ಅಂಕ ಬೇಕಿತ್ತು.

ನಿವೃತ್ತ ಶಿರಸ್ತೇದಾರ | ಜೂನ್ 9, ಬೆಳಿಗ್ಗೆ 6.10

ವಕೀಲರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ, ತಂಗಿ ಇದನ್ನು ಕಣ್ಣಿಟ್ಟು ಓದಬೇಕು. ಹಳೆಯ 25-ಎ ಕಲಂನಲ್ಲಿ ಅಭಿಯೋಜನಾ ನಿರ್ದೇಶಕರ ನೇಮಕಕ್ಕೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯ ಸಮ್ಮತಿ ಬೇಕಿತ್ತು. ಹತ್ತು ವರ್ಷ ವಕೀಲಿಕೆ ಸಾಕಿತ್ತು. ಹೊಸ 20ನೇ ಕಲಂನಲ್ಲಿ ಅನುಭವ ಹದಿನೈದು ವರ್ಷಕ್ಕೆ ಏರಿತು, ಸೆಷನ್ಸ್ ನ್ಯಾಯಾಧೀಶರಿಗೂ ಬಾಗಿಲು ತೆರೆಯಿತು. ಆದರೆ ಆ ಸಮ್ಮತಿಯ ಮಾತು ಬಿಟ್ಟುಹೋಯಿತು. ನಿರ್ದೇಶಕರು ಗೃಹ ಇಲಾಖೆಯ ಆಡಳಿತದ ಕೆಳಗೆ. ಪೊಲೀಸರೂ ಗೃಹ ಇಲಾಖೆಯವರೇ. ಸಂಸಾರ ಬೇರೆ ಮಾಡಿದ್ದೇವೆ, ಅಡುಗೆಮನೆ ಒಂದೇ.

ನೀನು ಅಲ್ಲಿ ಕುಳಿತು ಬರೆಯುವ ಟಿಪ್ಪಣಿ ಒಬ್ಬ ಪೊಲೀಸ್ ಅಧಿಕಾರಿಯ ತಪ್ಪನ್ನು ಎತ್ತಿ ತೋರಿಸಿದರೆ ಅದು ಯಾರ ಮೇಜಿಗೆ ಹೋಗುತ್ತದೆ ಎಂದು ಕೇಳಿಕೊಂಡು ಹೋಗು. ಹೆದರಿಸಲು ಹೇಳುತ್ತಿಲ್ಲ. ನನ್ನ ಸೇವೆಯಲ್ಲಿ ಒಳ್ಳೆಯ ಟಿಪ್ಪಣಿಗಳು ಸತ್ತದ್ದು ವಿರೋಧದಿಂದಲ್ಲ, ‘ಪರಿಶೀಲಿಸಿ ಮಂಡಿಸಿ’ ಎಂಬ ಎರಡು ಪದಗಳಿಂದ.

ಘಟ್ಟದ ಮೇಲಿನವಳು | ಜೂನ್ 9, ಬೆಳಿಗ್ಗೆ 11.00

ನನಗೆ ಇಲ್ಲಿ ಒಂದು ಸಿಟ್ಟಿದೆ, ಹೊರಹಾಕಿಬಿಡುತ್ತೇನೆ. ನಿಯಮ ಬರೆಯುವವರಿಗೆ ನಮ್ಮ ಭೂಗೋಳ ಗೊತ್ತಿಲ್ಲ. ಹನ್ನೆರಡು ತಾಲ್ಲೂಕು. ಹಳಿಯಾಳದ ಬಯಲಿಗೂ ಭಟ್ಕಳದ ಕಡಲಿಗೂ ಒಂದೇ ಜಿಲ್ಲಾ ಕೇಂದ್ರ, ಅದೂ ಗೋವಾ ಗಡಿಯ ಮೂಲೆಯಲ್ಲಿ. ಶಿರಸಿಯಿಂದ ಕಾರವಾರಕ್ಕೆ ಸಾಕ್ಷಿ ಹೇಳಲು ಹೋದವಳು ನಾನು. ಬೆಳಗಿನ ಜಾವ ಹೊರಟು, ಘಟ್ಟ ಇಳಿದು, ಕುಮಟೆಯಲ್ಲಿ ಬಸ್ಸು ಬದಲಿಸಿ, ಕೋರ್ಟು ಮುಟ್ಟಿ, ಸಂಜೆಯವರೆಗೆ ಜಗಲಿಯಲ್ಲಿ ಕುಳಿತು, ‘ಇಂದು ಆಗುವುದಿಲ್ಲ, ಮುಂದಿನ ವಾಯಿದೆಗೆ ಬನ್ನಿ’ ಎಂದು ಕೇಳಿಸಿಕೊಂಡು ಮರಳಿದೆ. ಹೀಗೆ ಮೂರು ಸಲ. ಸಾಕ್ಷಿಯ ಖರ್ಚನ್ನು ಸರ್ಕಾರದಿಂದ ಕೊಡಿಸಬಹುದು ಎಂದು ಹಳೆಯ ಸಂಹಿತೆಯ 312ನೇ ಕಲಂನಲ್ಲೇ ಇತ್ತಂತೆ. ಮೂರನೆಯ ಸಲವೂ ನನಗದು ಗೊತ್ತಿರಲಿಲ್ಲ.

ಹೊಸ ಸಂಹಿತೆ 2024ರ ಜುಲೈ 1ಕ್ಕೆ ಜಾರಿಯಾಯಿತು. ಹದಿನಾರನೆಯ ತಾರೀಖು ಶಿರೂರಿನಲ್ಲಿ ಗುಡ್ಡ ಕುಸಿಯಿತು, ಹೆದ್ದಾರಿ ಮುಚ್ಚಿತು. ಆಗಸ್ಟ್ 7ಕ್ಕೆ ಕಾಳಿಯ ಹಳೆಯ ಸೇತುವೆ ಬಿತ್ತು. ಅವಧಿಯೊಳಗೆ ಮುಗಿಸಿ, ವಾಯಿದೆ ಕೊಡಬೇಡಿ ಎನ್ನುವ ಕಾನೂನು ಎಲ್ಲಿ, ಗುಡ್ಡದ ಆಚೆ ನಿಂತ ಸಾಕ್ಷಿ ಎಲ್ಲಿ! ವಿಚಾರಣೆಯನ್ನು ಎಲೆಕ್ಟ್ರಾನಿಕ್ ವಿಧಾನದಲ್ಲೂ ನಡೆಸಬಹುದು ಎಂದು 530ನೇ ಕಲಂ ಹೇಳುತ್ತದೆ, ಸರಿ. ಮಳೆಗಾಲದಲ್ಲಿ ನಮ್ಮ ಊರಿನಲ್ಲಿ ಮೂರು ದಿನ ಕರೆಂಟು ಇಲ್ಲದಾಗ ಯಾವ ವಿಧಾನ? ಇದನ್ನು ಬಲ್ಲವರು ಒಬ್ಬರಾದರೂ ಆ ಕೋಣೆಯಲ್ಲಿ ಇರಲಿ. ಅಕ್ಕ, ನೀವು ಹೋಗಿ.

ಅಡಿಕೆ ಸಿಪ್ಪೆ | ಜೂನ್ 9, ಬೆಳಿಗ್ಗೆ 11.20

ಹೋದರೆ ಇಲ್ಲಿ ಆ ಸಾಕ್ಷಿಗಳಿಗೆ ಚಹಾ ಕೊಡಿಸಿ ಕೂರಿಸುವವರು ಯಾರು? ಇವರ ಜಾಗಕ್ಕೆ ಬರುವವರು ಹೇಗಿರುತ್ತಾರೋ, ಬರುತ್ತಾರೋ ಇಲ್ಲವೋ. ಖಾಲಿ ಹುದ್ದೆ ಎಂದರೆ ನಮ್ಮ ಜಿಲ್ಲೆಯಲ್ಲಿ ಹಲಸಿನ ಹಾಗೆ, ಎಲ್ಲ ಕಡೆ ಬಿಡುತ್ತದೆ.

ಕರಿ ಕೋಟು | ಜೂನ್ 10, ರಾತ್ರಿ 10.30

ಸಿಪ್ಪೆಯವರು ತಮಾಷೆಗೆ ಬರೆದದ್ದು ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ನನ್ನ ನಿದ್ದೆ ಕೆಡಿಸಿರುವ ಪ್ರಶ್ನೆಯೂ ಅದೇ. ನಾನು ಒಂದು ದಿನ ರಜೆ ಹಾಕಿದರೆ ಪಕ್ಕದ ತಾಲ್ಲೂಕಿನವರು ಎರಡು ಕೋರ್ಟು ಓಡಬೇಕು.

ಎರಡು ನಿರ್ಧಾರ ಮಾಡಿದ್ದೇನೆ. ಶಿರಸ್ತೇದಾರರು ಕೇಳಿದ ಪ್ರಶ್ನೆಯನ್ನು ಲಿಖಿತವಾಗಿ ಕೇಳಿದ್ದೇನೆ: ನನ್ನ ಟಿಪ್ಪಣಿ ಯಾರ ಮೇಜಿಗೆ? ಎರಡನೆಯದು, ಈ ಮಳೆಗಾಲವನ್ನು ಸುಮ್ಮನೆ ಕಳೆಯುವುದಿಲ್ಲ. ನಾಲ್ಕು ಖಾಲಿ ಬಾಟಲಿಗೆ ನಾಲ್ಕು ಚೀಟಿ ಕಟ್ಟಿ, ನಾನಿರುವ ಬಾಡಿಗೆ ಮನೆಯ ಹಿಂದಿನ ಕೋಣೆಯಲ್ಲಿ ಇಟ್ಟಿದ್ದೇನೆ. ಕಿಟಕಿ ಕಡಲಿಗೆ ಮುಖ ಮಾಡಿದೆ. ಒಂದರ ಮೇಲೆ ಜೆಲ್ ಪೆನ್ನು, ಒಂದಕ್ಕೆ ಬಾಲ್ ಪೆನ್ನು, ಒಂದಕ್ಕೆ ರಬ್ಬರ್ ಮೊಹರಿನ ಶಾಯಿ, ಒಂದಕ್ಕೆ ಪೆನ್ಸಿಲ್. ಇನ್ನೊಂದು ಜೊತೆಯನ್ನು ತವರಿನ ಅಟ್ಟದ ಮೇಲೆ ಇಡಲು ಅಮ್ಮನಿಗೆ ಕೊಟ್ಟಿದ್ದೇನೆ. ಅಮ್ಮ ‘ಖಾಲಿ ಬಾಟಲಿ ನೋಡಿದವರು ಏನೆಂದುಕೊಂಡಾರು’ ಎಂದು ಬೈದು ಇಟ್ಟುಕೊಂಡರು. ನವರಾತ್ರಿಗೆ ತೆಗೆದು ನೋಡುತ್ತೇನೆ.

ನಿವೃತ್ತ ಶಿರಸ್ತೇದಾರ | ಜೂನ್ 11, ಬೆಳಿಗ್ಗೆ 6.05

ಐದನೆಯದೊಂದನ್ನು ಕಟ್ಟು. ಕಾಗದವಲ್ಲ, ಖಾದಿ ಬಟ್ಟೆಯ ಪಟ್ಟಿ. ಬರೆಯಲು ಕೇರು ಬೀಜದ ರಸ, ಮೇಲೆ ಸ್ವಲ್ಪ ಸುಣ್ಣ. ಮಡಿವಾಳರು ಬಟ್ಟೆಗೆ ಗುರುತು ಹಾಕುತ್ತಿದ್ದದ್ದು ಅದರಲ್ಲೇ. ಬಂಡೆಗೆ ಬಡಿದರೂ, ಸೋಡಾದಲ್ಲಿ ಕುದಿಸಿದರೂ ಹೋಗುತ್ತಿರಲಿಲ್ಲ. ಕೈಗೆ ತಾಗಿಸಿಕೊಳ್ಳಬೇಡ, ಬೊಬ್ಬೆ ಏಳುತ್ತದೆ. ಕಡ್ಡಿಯಲ್ಲಿ ಬರೆ.

ಕರಿ ಕೋಟು | ಸೆಪ್ಟೆಂಬರ್ 24, ರಾತ್ರಿ 9.15

ಫಲಿತಾಂಶ ಕೇಳಿ ಹಲವರು ಸಂದೇಶ ಕಳಿಸಿದ್ದರು. ಕಡಲ ಕಡೆಯ ಕೋಣೆಯಲ್ಲಿ: ಜೆಲ್ ಪೆನ್ನಿನದು ಪೂರ್ತಿ ಹೋಗಿದೆ. ಮೊಹರು ಹರಡಿ ವೃತ್ತ ಮೊಟ್ಟೆಯಾಗಿದೆ. ಬಾಲ್ ಪೆನ್ನು ಓದಬಹುದು, ಆದರೆ ಕಾಗದವೇ ಬೂಷ್ಟು ಹಿಡಿದು ಮುಟ್ಟಿದರೆ ಉದುರುತ್ತದೆ. ಪೆನ್ಸಿಲ್ ಚೆನ್ನಾಗಿ ಉಳಿದಿದೆ. ಬಟ್ಟೆಯ ಮೇಲಿನ ಕೇರು ನಿನ್ನೆ ಬರೆದ ಹಾಗಿದೆ. ಅಟ್ಟದಲ್ಲಿ ಇಟ್ಟವುಗಳಲ್ಲಿ ಎಲ್ಲವೂ ಉಳಿದಿವೆ, ಹೊಗೆಯಿಂದ ಕಂದಾಗಿವೆ ಅಷ್ಟೇ. ಘಟ್ಟದ ಮೇಲಿಗೂ ಕೆಳಗಿಗೂ ಒಂದೇ ನಮೂನೆ ಸಾಲದು ಎಂದಾಯಿತು.

ನನ್ನ ಲಿಖಿತ ಪ್ರಶ್ನೆಗೂ ಉತ್ತರ ಬಂತು. ಟಿಪ್ಪಣಿ ನೇರವಾಗಿ ಹಿರಿಯ ಅಭಿಯೋಜಕರ ಮೇಜಿಗೆ, ನಕಲು ನನ್ನ ಬಳಿ. ಒಪ್ಪಿಗೆ ಕಳಿಸಿದ್ದೇನೆ. ನನ್ನ ಜಾಗಕ್ಕೆ ಯಾರು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಬರುವ ಮಂಗಳವಾರ ಹದಿನಾಲ್ಕು ಪ್ರಕರಣಗಳಿವೆ. ಅವುಗಳಲ್ಲಿ ಒಂದಕ್ಕೆ ನಮ್ಮ ಚಹದಂಗಡಿಯವರೇ ಪಂಚರು.

ಎದುರು ಪಕ್ಷ | ಸೆಪ್ಟೆಂಬರ್ 24, ರಾತ್ರಿ 9.40

ಶುಭವಾಗಲಿ ಮೇಡಂ. ಪೆನ್ಸಿಲ್ ನಿಯಮವನ್ನು ಮಾತ್ರ ತರಬೇಡಿ. ರಬ್ಬರಿನಲ್ಲಿ ಅಳಿಸಿ ತಿದ್ದಿಲ್ಲವೆಂದು ಹೇಗೆ ಹೇಳುತ್ತೀರಿ ಎಂಬುದೇ ನನ್ನ ಮೊದಲ ಪ್ರಶ್ನೆಯಾಗಿರುತ್ತದೆ.

ಕರಿ ಕೋಟು | ಸೆಪ್ಟೆಂಬರ್ 24, ರಾತ್ರಿ 9.45

ಗೊತ್ತು. ಕೇರು ಬೀಜಕ್ಕೆ ನಿಮ್ಮ ಪ್ರಶ್ನೆ ಏನು, ಈಗಲೇ ಹೇಳಿಬಿಡಿ. ಕರಡಿನಲ್ಲಿ ಉತ್ತರ ಬರೆದುಕೊಳ್ಳುತ್ತೇನೆ.

ಎದುರು ಪಕ್ಷ | ಸೆಪ್ಟೆಂಬರ್ 24, ರಾತ್ರಿ 9.52

ಫೌಜದಾರರ ಬೆರಳಿಗೆ ಬೊಬ್ಬೆ ಎದ್ದಿತ್ತೇ ಎಂದು ಕೇಳುತ್ತೇನೆ. ಎದ್ದಿಲ್ಲವೆಂದರೆ ಬರೆದದ್ದು ಅವರಲ್ಲ.